ಸ್ಪಷ್ಟನೆ: 850 ಆಪರೇಷನ್ ನಿಜ, ‘ಒಬ್ಬರೇ’ ಸುಳ್ಳು

‘ಅಮೆರಿಕದಲ್ಲಿ ಸರ್ಜನ್ ಆಗಲು ಒಬ್ಬರೇ ನಿಂತು 850 ಆಪರೇಷನ್ ಮಾಡಿರಬೇಕು, ನಮ್ಮಲ್ಲಿ ಲೆಕ್ಕವೇ ಇಲ್ಲ’ ಎಂಬ ವಾಟ್ಸಾಪ್ ಫಾರ್ವರ್ಡ್ ಓಡಾಡುತ್ತಿದೆ. ಸಂಖ್ಯೆ ಸರಿಯೇ: ಜನರಲ್ ಸರ್ಜರಿಯ 5 ವರ್ಷದ ರೆಸಿಡೆನ್ಸಿಗೆ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತಜ್ಞ ತರಬೇತಿ) ಸರ್ಜನ್ನರಿಗೆ ಪ್ರಮಾಣಪತ್ರ ಕೊಡುವ ಅಲ್ಲಿನ ಬೋರ್ಡ್ ಕೇಳುವ ಕನಿಷ್ಠ ಅದು, ಅದರಲ್ಲಿ 200 ಕೊನೆಯ ವರ್ಷದಲ್ಲೇ ಆಗಬೇಕು. ಆದರೆ ಹಿರಿಯ ಸರ್ಜನ್ನರ ಮೇಲ್ವಿಚಾರಣೆ ಇದ್ದೇ ಇರುತ್ತದೆ. ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್) ಪಿತ್ತಕೋಶ ತೆಗೆಯುವಾಗ ನಾಳ ಬಿಡಿಸಿ, ಕ್ಲಿಪ್ ಹಾಕಿ ಕತ್ತರಿಸುವಂಥ ಮುಖ್ಯ ಹಂತಗಳನ್ನು ರೆಸಿಡೆಂಟ್ (ತರಬೇತಿಯಲ್ಲಿರುವ ವೈದ್ಯರು) ಮಾಡಿದ್ದರೆ ಆ ಕೇಸು ಅವರ ಹೆಸರಿಗೆ. ಬರೀ ಕ್ಯಾಮೆರಾ ಹಿಡಿದು ನಿಂತರೆ ಇಲ್ಲ. ಕಿರಿಯರ ಕೈಯಲ್ಲಿ ಮಾಡಿಸಿದ ಕೇಸುಗಳಿಗೂ ಲೆಕ್ಕವುಂಟು.

ಇನ್ನು ‘ನಮ್ಮಲ್ಲಿ ಲೆಕ್ಕವೇ ಇಲ್ಲ’ ಎನ್ನುವುದು ಬಾಯಿಗೆ ಬಂದ ಮಾತು. ಇಲ್ಲಿ 3 ವರ್ಷದ ಎಂ.ಎಸ್. (ಸರ್ಜರಿಯ ಸ್ನಾತಕೋತ್ತರ ಕೋರ್ಸ್) ಓದುವ ಪಿ.ಜಿ. ವಿದ್ಯಾರ್ಥಿಗಳೂ ನೋಡಿದ್ದು, ಅಸಿಸ್ಟ್ ಮಾಡಿದ್ದು, ತಾವೇ ಮಾಡಿದ್ದು ಎಲ್ಲವನ್ನೂ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿಸಲೇಬೇಕು.