ಕರಿ ಆಯಿಲ್ ಮ್ಯಾಲೆ ಕೆಂಪು ಮಣ್ಣು ಸುರಿದ್ರ ಕ್ಲೀನ್ ಆಗ್ತೈತೇನ್ರಿ?

ನಮ್ಮ ಕಾಕಾ ಗದಗ ಬಿಟ್ಟು ಗೋವಾದ ವಾಸ್ಕೋಕ್ಕ ಬಂದು ಗ್ಯಾರೇಜ್ ಹಾಕಿ 22 ವರ್ಷ ಆತು. ಹಿಂದ ಒಂದೀಟು ಜಾಗ ಐತಿ, ಅಲ್ಲಿ ಇಷ್ಟು ವರ್ಷ ಬೈಕಿನ ಹಳೇ ಆಯಿಲ್ ಚೆಲ್ಲಿ ಚೆಲ್ಲಿ ಮಣ್ಣು ಡಾಂಬರಿನಂಗ ಆಗೇತಿ. ಮೊನ್ನೆ ಒಂದು ತಂಬಿಗಿ ನೀರು ಹಾಕಿ ನೋಡಿದೆ, ಇಂಗಲೇ ಇಲ್ರಿ, ಕೆಸುವಿನ ಎಲಿ ಮ್ಯಾಲಿನ ಹನಿಯಂಗ ಗುಂಡಗ ಉರುಳಿ ಹೋತು. ಜೂನ್ ಮಳಿ ಹಿಡೀತಂದ್ರ ಅಲ್ಲಿಂದ ಬಣ್ಣಬಣ್ಣದ ಪದರ ಎದ್ದು ಸೀದಾ ಗಟಾರಕ್ಕ.

"ಎರಡು ಟೆಂಪೋ ಕೆಂಪು ಮಣ್ಣು ತರಿಸಿ ಮುಚ್ಚಿಬಿಡೂಣು ತಮ್ಮಾ" ಅಂದ ಕಾಕಾ. ನಾ ಬ್ಯಾಡ ಅಂದೆ. ಮುಚ್ಚಿದ್ರ ಆಯಿಲ್ ಎಲ್ಲಿ ಹೋಗ್ತೈತಿ ಹೇಳ್ರಿ, ಅಲ್ಲೇ ಕೂತಿರ್ತೈತಿ.

ಮುಚ್ಚೋ ಬದಲಿಗೆ ಅಲ್ಲಿ ಗಿಡ ಹಚ್ಚೂಣು ಅನಿಸ್ತು, ಆಗ ನೆನಪಾತು: ಊರಾಗ ಅಪ್ಪ ಮೆಣಸಿನ ಅಗಿ ಹಚ್ಚುವಾಗ ವ್ಯಾಮ್ ಪುಡಿ ಹಾಕ್ತಾನ. ಅದ್ರಾಗ ಇರೋದು ಬೇರಿನ ಶಿಲೀಂಧ್ರ, ಮೈಕೊರೈಜಾ ಅಂತ 1885ರಾಗ ಜರ್ಮನಿಯ ಫ್ರಾಂಕ್ ಇಟ್ಟ ಹೆಸರು. ಬೇರಿನೊಳಗ ಹೊಕ್ಕು, ಕೂದಲಿಗಿಂತ ಭಾಳ ಸಣ್ಣ ಎಳಿ ಹೊರಗ ಬಿಟ್ಟು, ಬೇರು ಮುಟ್ಟಲಾರದ ಕಡೆಯಿಂದ ರಂಜಕ, ನೀರು ತಂದು ಗಿಡಕ್ಕ ಕೊಡ್ತೈತಿ, ಬದಲಿಗೆ ಗಿಡ ಸಕ್ಕರಿ ಕೊಡ್ತೈತಿ. ಸಾಸಿವಿ, ಕೋಬಿಯಂಥ ಕೆಲವು ಜಾತಿ ಇದರ ಸಂಗ ಮಾಡಂಗಿಲ್ಲ.

ವಾಟ್ಸಾಪಿನಾಗ ಇದನ್ನ "ಎಣ್ಣಿ ತಿನ್ನೋ ಶಿಲೀಂಧ್ರ" ಅಂತ ಕಳಸ್ತಾರಲ್ಲ, ಅದು ತಪ್ಪು. ಎಣ್ಣಿ ಒಡೀಬಲ್ಲ ಕಟಿಗಿ ಕೊಳಸೋ ಅಣಬಿ ಬ್ಯಾರೆ, ಇದು ಬ್ಯಾರೆ. ಇಲ್ಲಿ ಆಯಿಲ್ ಒಡೆಯೋ ಮುಖ್ಯ ಕೆಲಸ ಬೇರಿನ ಸುತ್ತ ಇರೋ ಬ್ಯಾಕ್ಟೀರಿಯಾದ್ದು, ಶಿಲೀಂಧ್ರ ಆ ಕೆಟ್ಟ ಮಣ್ಣಾಗೂ ಗಿಡ ಸಾಯದಂಗ ಹಿಡಿದು ನಿಲ್ಲಿಸ್ತೈತಿ, ಗಿಡ ಬದುಕಿದ್ರ ಬೇರು ಇಳೀತೈತಿ, ಬೇರು ಇಳಿದಲ್ಲಿ ಗಾಳಿ ಆಡ್ತೈತಿ, ಬ್ಯಾಕ್ಟೀರಿಯಾಕ್ಕ ಊಟ ಸಿಗ್ತೈತಿ. ನನಗಂತೂ ಇದು ತಿನ್ನೋದಕ್ಕಿಂತ ದೊಡ್ಡ ಕೆಲಸ ಅನಸ್ತೈತಿ. ಹಂಗಂತ ವಾರದಾಗ ಆಗೋದಲ್ಲ, ತಿಂಗಳು, ವರ್ಷ ಬೇಕು. ಹಳೇ ಇಂಜಿನ್ ಆಯಿಲಿನಾಗಿನ ಸೀಸ, ಸತುವು ಕರಗಿ ಹೋಗಂಗಿಲ್ಲ, ಅದಕ್ಕ ಅಲ್ಲಿ ಕಾಯಿಪಲ್ಯೆ ಮಾತ್ರ ಬೆಳೀಬ್ಯಾಡ್ರಿ.

ಮಣ್ಣು ಸಡಿಲ ಮಾಡಿ, ಗೊಬ್ಬರ ಕಲಸಿ, 12 ಲಾವಂಚದ ಬುಡ ಹಚ್ಚೀವಿ. ಆರಕ್ಕ ವ್ಯಾಮ್ ಹಾಕೀವಿ, ಆರಕ್ಕ ಇಲ್ಲ, ಫರಕ್ ಕಣ್ಣಿಗೆ ಕಾಣ್ಲಿ ಅಂತ. ಕಾಕಾ ಈಗ ಹಳೇ ಆಯಿಲ್ ಕ್ಯಾನಿಗೆ ತುಂಬಿ ಇಡ್ಲಿಕತ್ತಾನ, ಲೈಸೆನ್ಸ್ ಇದ್ದ ರೀಸೈಕಲ್ ಮಾಡೋರಿಗೇ ಕೊಡ್ತಾನಂತ. ವಾಸ್ಕೋ, ಜುವಾರಿನಗರದ ನಮ್ಮ ಗ್ಯಾರೇಜ್ ಮಂದಿ, ಇಷ್ಟರ ಮಾಡ್ರಿ. ಗೋವಾ ಯೂನಿವರ್ಸಿಟಿ ಬಾಟನಿ ವಿಭಾಗದಾಗ ಈ ಶಿಲೀಂಧ್ರದ ಮ್ಯಾಲೆ ಭಾಳ ವರ್ಷದಿಂದ ಕೆಲಸ ನಡದೈತಿ, ಅಲ್ಲಿ ಓದೋ ಕನ್ನಡದ ಹುಡುಗ್ರು ಯಾರಾದ್ರೂ ಇದ್ರ ಒಮ್ಮೆ ಬಂದು ನಮ್ಮ ಮಣ್ಣು ನೋಡ್ರೆಪ್ಪಾ.