ಮಲ್ಲಿಯ ಕೂದಲು ಕತ್ತರಿಸಿದ್ದಕ್ಕೆ ಮರುಗುವವರಿಗೆ

ಧಾರವಾಡದ ಸಪ್ತಾಪುರದ ನಮ್ಮ ಓಣಿಯಲ್ಲಿ ಒಂದು ವಾರದಿಂದ ಎದುರಾದವರೆಲ್ಲ ಕೇಳುವುದು ಒಂದೇ: “ಅಕ್ಕಾರ, ಅಷ್ಟು ಛಲೋ ಕೂದಲಿದ್ವು, ಯಾಕ ಕತ್ತರಿಸಿಬಿಟ್ರಿ?” ಮಲ್ಲಿ ನಮ್ಮ ಮನೆಯ ನಾಲ್ಕು ವರ್ಷದ ಶಿಟ್ಜು ನಾಯಿ. ನೆಲ ಮುಟ್ಟುತ್ತಿದ್ದ ಅವಳ ಕೂದಲನ್ನು ಒಂದು ಇಂಚಿಗೆ ಇಳಿಸಿದವಳು ನಾನೇ. ಇದನ್ನು ಎರಡು ವರ್ಷ ಮೊದಲೇ ಮಾಡಬೇಕಿತ್ತು.

ಟಿಬೆಟ್ ಮೂಲದ, ಚೀನಾದ ಅರಮನೆಯಲ್ಲಿ ಮುದ್ದಿನಿಂದ ಬೆಳೆದ ಈ ತಳಿಯ ಹೆಸರಿಗೆ ಸಿಂಹ ಎಂದರ್ಥ. ಇದರ ಕೂದಲು ಎರಡು ಪದರದ್ದು. ಒಳಪದರದಿಂದ ಉದುರಿದ್ದು ನೆಲಕ್ಕೆ ಬೀಳದೆ ಹೊರಪದರದಲ್ಲೇ ಸಿಕ್ಕಿಕೊಂಡು, ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಜಡೆಗಟ್ಟುತ್ತದೆ. ‘ಕೂದಲು ಉದುರುವುದಿಲ್ಲ, ಮನೆ ಸ್ವಚ್ಛವಾಗಿರುತ್ತದೆ’ ಎಂದು ಮರಿ ಮಾರುವವರು ಈ ಅರ್ಧವನ್ನು ಹೇಳುವುದೇ ಇಲ್ಲ.

ಹೋದ ಮಳೆಗಾಲದಲ್ಲಿ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದಾಗ, ಕೆಮ್ಮಣ್ಣು ಮೆತ್ತಿಕೊಂಡು ಬಂದ ಮಲ್ಲಿಗೆ ನಾನು ಬಾಚದೆಯೇ ಸ್ನಾನ ಮಾಡಿಸುತ್ತಿದ್ದೆ. ಸಿಕ್ಕಿಗೆ ನೀರು ತಾಗಿದರೆ ಅದು ಇನ್ನಷ್ಟು ಬಿಗಿಯುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಹಣ ಕೊಟ್ಟು ಕರೆದೊಯ್ದ ಕಡೆಯಲ್ಲೂ ಮೇಲಿನ ಕೂದಲನ್ನಷ್ಟೇ ಬಾಚಿ, ರಿಬ್ಬನ್ ಕಟ್ಟಿ ಕಳಿಸಿದರು. ಅವಳು ಅನ್ನ ಬಿಟ್ಟು ಮೂಲೆ ಹಿಡಿದಾಗ ಪಶುವೈದ್ಯರು ಎಡಕಿವಿಯ ಹಿಂದಿನ ಗಂಟನ್ನು ಬಿಡಿಸಿ ತೋರಿಸಿದರು: ಕೆಂಪಗೆ ಹಸಿಯಾದ ಚರ್ಮ, ಅದಕ್ಕೆ ಕಚ್ಚಿಕೊಂಡು ರಕ್ತ ಕುಡಿದು ಹೆಸರುಕಾಳಿನಷ್ಟು ಊದಿದ ಮೂರು ಬೂದುಬಣ್ಣದ ಉಣ್ಣಿಗಳು. ಉಣ್ಣಿ ಜ್ವರದಿಂದ ರಕ್ತದ ಪ್ಲೇಟ್‌ಲೆಟ್ ಇಳಿದಿತ್ತು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಸಿದೆವು. ಆ ಕೂದಲನ್ನೇ ನಾನು ಚೆಲುವೆಂದು ಎಲ್ಲರಿಗೂ ತೋರಿಸುತ್ತಿದ್ದೆ ಎಂಬುದು ಈಗಲೂ ನನ್ನನ್ನು ಚುಚ್ಚುತ್ತದೆ.

ಕತ್ತರಿಸಿದ ಮೇಲೂ ಆರೈಕೆ ತಪ್ಪುವುದಿಲ್ಲ. ದಿನವೂ ಸಂಜೆ ಕಟ್ಟೆಯ ಮೇಲೆ ಕೂತು, ಹದಿನೈದು ನಿಮಿಷ, ಕೂದಲನ್ನು ಪದರಪದರವಾಗಿ ಎತ್ತಿ, ಲೋಹದ ಹಣಿಗೆಯ ಹಲ್ಲು ಬುಡದವರೆಗೆ ಹೋಗುವಂತೆ ಬಾಚುತ್ತೇನೆ. ಸಿಕ್ಕು ಸಿಕ್ಕರೆ ತುದಿಯಿಂದ ಬಿಡಿಸುತ್ತ ಬರಬೇಕು. ಚರ್ಮವೂ ಗಂಟಿನೊಂದಿಗೆ ಎದ್ದು ಬಂದಿರುವುದರಿಂದ ಅಲ್ಲಿಗೆ ಕತ್ತರಿ ಹಾಕಬಾರದು. ಬಾಚಿದ ಮೇಲೆಯೇ ಸ್ನಾನ, ಸ್ನಾನದ ನಂತರ ಬುಡದವರೆಗೂ ಒಣಗಿಸುವುದು. ಮುಂದೆ ಉಬ್ಬಿರುವ ಆ ಕಣ್ಣುಗಳಿಗೆ ಕೂದಲು ಚುಚ್ಚಿದರೂ ಹುಣ್ಣಾಗಬಹುದು. ಆದ್ದರಿಂದ ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಬಟ್ಟೆಯಿಂದ ಪಿಚ್ಚು ಒರೆಸುತ್ತೇನೆ. ಕಣ್ಣು ಕಿರಿದು ಮಾಡಿದರೆ ಅದೇ ದಿನ ವೈದ್ಯರ ಬಳಿ ಹೋಗುತ್ತೇನೆ. ಮೂಗು ಮೊಟಕಾಗಿರುವುದರಿಂದ ಕೂದಲು ಗಿಡ್ಡವಾದರೂ ಸೆಕೆ ತಡೆಯದು. ಏಪ್ರಿಲ್, ಮೇ ತಿಂಗಳಲ್ಲಿ ಅವಳ ತಿರುಗಾಟವೆಲ್ಲ ಬೆಳಿಗ್ಗೆ ಏಳರ ಒಳಗೆ.

ದಿನಕ್ಕೆ ಇಷ್ಟು ಹೊತ್ತು ಕೊಡಲಾಗದವರು ದಯವಿಟ್ಟು ಈ ತಳಿಯ ಮರಿ ತರಬೇಡಿ. ನಿನ್ನೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಸುತ್ತಾಡಿ ಬಂದ ಮೇಲೆ ಮಲ್ಲಿ ಹಿಂಗಾಲು ನೆಕ್ಕತೊಡಗಿದಳು. ಬೆರಳ ಸಂದಿಯಲ್ಲಿ ಉತ್ತರಾಣಿಯ ಎರಡು ಬೀಜಗಳಿದ್ದವು. ಗಿಡ್ಡ ಕೂದಲಲ್ಲಿ ಕೂಡಲೇ ಕಣ್ಣಿಗೆ ಬಿದ್ದವು, ತೆಗೆದೆ. ಅವಳು ಕಟ್ಟೆಯ ಮೇಲೆಯೇ ಮಗ್ಗುಲಾಗಿ ನಿದ್ದೆ ಹೋದಳು.