ಕೆಜಿಎಫ್ ಅಂತ ಹುಡುಕಿದರೆ ಬರೀ ಯಶ್ ಬರುವುದು ಯಾಕೆ?

ಗೂಗಲ್‌ನಲ್ಲಿ ಈಗ ಏನೂ ಸರಿಯಾಗಿ ಸಿಗಲ್ಲ ಅನ್ನುವ ಗೊಣಗಾಟ ಜಾಸ್ತಿಯಾಗಿದೆ. ಅರ್ಧ ನಿಜ. ಮೇಲೆ ಜಾಹೀರಾತು, ಕೆಳಗೆ ಎಐ ಬರೆದ ಸಾರಾಂಶ, ಆಮೇಲೆ ವಿಡಿಯೋಗಳು, ಇಷ್ಟೆಲ್ಲ ದಾಟಿದ ಮೇಲೆ ನಮಗೆ ಬೇಕಾದ ಪುಟ. (2024ರಲ್ಲಿ ಬಂದ 'ವೆಬ್' ಅನ್ನುವ ಟ್ಯಾಬ್ ಒತ್ತಿದರೆ ಈ ಗಲಾಟೆ ಬಹಳಷ್ಟು ಕಡಿಮೆಯಾಗುತ್ತದೆ. ಎಷ್ಟೋ ಜನ ಅದನ್ನು ನೋಡಿಯೇ ಇಲ್ಲ.)

ಉಳಿದ ಅರ್ಧಕ್ಕೆ ಹುಡುಕುವವರದ್ದೇ ತಪ್ಪು. ಎದುರಿಗೆ ಕೂತವರನ್ನು ಕೇಳಿದ ಹಾಗೆ ಪ್ರಶ್ನೆ ಕೇಳುತ್ತಾರೆ. ನಾನು ಹೇಳುವುದು ಇಷ್ಟೇ, ನಿಮ್ಮ ಪ್ರಶ್ನೆ ಬಿಡಿ, ಉತ್ತರ ಬರೆದವರು ಯಾವ ಪದ ಬಳಸಿರುತ್ತಾರೆ ಅಂತ ಯೋಚಿಸಿ, ಅದನ್ನು ಟೈಪ್ ಮಾಡಿ.

ಕೋಲಾರದ ಚಿನ್ನದ ಗಣಿಯನ್ನೇ ತೆಗೆದುಕೊಳ್ಳಿ. ಸುಮ್ನೆ ಕೆಜಿಎಫ್ ಅಂತ ಹಾಕಿದರೆ ಸಿನಿಮಾ, ಸಿನಿಮಾ, ಸಿನಿಮಾ. ಮೈನಸ್ ಚಿಹ್ನೆ ಹಾಕಿ, ಜಾಗ ಬಿಡದೆ ಯಶ್ ಅಂತ ಸೇರಿಸಿದರೆ ಒಂದಷ್ಟು ಹೋಗುತ್ತದೆ. ಇನ್ನೂ ಚೆನ್ನಾಗಿ ಕೆಲಸ ಮಾಡುವುದು ಇಂಗ್ಲಿಷಿನಲ್ಲಿ 'ಬಿಫೋರ್', ಕೋಲನ್, 2015 ಅಂತ ಹಾಕುವುದು. ಮೊದಲ ಸಿನಿಮಾ ಬಂದಿದ್ದೇ 2018ರಲ್ಲಿ, ಅಲ್ವಾ? ಅದಕ್ಕಿಂತ ಹಿಂದಿನ ಪುಟಗಳಲ್ಲಿ ಗಣಿ ಮುಚ್ಚಿದ 2001ರ ಸುದ್ದಿ, ಕಾರ್ಮಿಕರ ಕಥೆ ಎಲ್ಲ ಸಿಗುತ್ತವೆ.

ಆದರೆ ನಿಜವಾದ ಮಜಾ ಇರುವುದು ಹಳೆಯ ಪುಸ್ತಕಗಳಲ್ಲಿ. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಟ್ಟಿರುವ ಆರ್ಕೈವ್ ಡಾಟ್ ಆರ್ಗ್ ಸೈಟ್‌ನಲ್ಲಿ ಮೈಸೂರು ಗೆಜೆಟಿಯರ್‌ಗಳಿವೆ (ಊರು, ಜಿಲ್ಲೆಗಳ ವಿವರ ಇರುವ ಸರ್ಕಾರಿ ಪುಸ್ತಕಗಳು), ಪುಸ್ತಕದ ಒಳಗಿನ ಪಠ್ಯವನ್ನೇ ಹುಡುಕುವ ಆಯ್ಕೆಯೂ ಇದೆ. ಅಲ್ಲಿ ಗಣಿಯ ಹತ್ತಿರದ ಊರು ಬಂಗಾರಪೇಟೆಯ ಹೆಸರು ಹುಡುಕಿ, ಹೆಚ್ಚೇನೂ ಸಿಗಲ್ಲ. ಯಾಕೆಂದರೆ ಆಗಿನವರು ಬರೆದಿದ್ದು ಬೌರಿಂಗ್‌ಪೇಟ್ ಅಂತ. ನಂದಿದುರ್ಗ ಗಣಿ ಇಂಗ್ಲಿಷರ ಕೈಯಲ್ಲಿ 'ನಂಡಿಡ್ರೂಗ್' ಆಗಿದೆ. 1902ರಲ್ಲಿ ಗಣಿಗೆ ಕರೆಂಟ್ ಬಂದಿದ್ದು ಶಿವನಸಮುದ್ರದಿಂದ, ಆದರೆ ಪುಸ್ತಕದಲ್ಲಿ ಅದು ಎಸ್ ಅಕ್ಷರದಿಂದ ಶುರುವಾಗುವ ಸಿವಸಮುದ್ರಂ. ಗಣಿ ನಡೆಸಿದ ಕಂಪನಿ 'ಜಾನ್ ಟೇಲರ್', ಇನ್ನೊಂದು ಗಣಿ 'ಚಾಂಪಿಯನ್ ರೀಫ್', ಇಂಥ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಆ ಎರಡು ಪದ ಒಟ್ಟಿಗೇ ಇರುವ ಪುಟಗಳು ಬರುತ್ತವೆ. ಒಂದು ಹಳೆಯ ಹೆಸರು ಸಿಕ್ಕರೆ ಅದೇ ಪುಟದಲ್ಲಿ ಇನ್ನೆರಡು ಸಿಗುತ್ತವೆ, ಅವನ್ನು ಹಾಕಿ ಮತ್ತೆ ಹುಡುಕಿ, ಹೀಗೆ ಹೋಗ್ತಾ ಇರಬೇಕು.

ಸರ್ಕಾರಿ ವಿಷಯಕ್ಕೆ ಇನ್ನೊಂದು ದಾರಿ ಇದೆ. ಇಂಗ್ಲಿಷಿನಲ್ಲಿ 'ಸೈಟ್', ಕೋಲನ್, ಜಾಗ ಬಿಡದೆ ಜಿಓವಿ ಡಾಟ್ ಇನ್. ಸರ್ಕಾರಿ ಸೈಟ್‌ಗಳಷ್ಟೇ ಬರುತ್ತವೆ, ದಲ್ಲಾಳಿ ಸೈಟ್‌ಗಳೆಲ್ಲ ಮಾಯ. ಪಾಸ್‌ಪೋರ್ಟ್ ಹೆಸರಲ್ಲಿ ದುಡ್ಡು ಕೀಳುವ ನಕಲಿ ಸೈಟ್‌ಗಳಿವೆ ಅಂತ ವಿದೇಶಾಂಗ ಇಲಾಖೆಯೇ ಎಚ್ಚರಿಸಿದೆ. ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನಂತೂ ಹುಡುಕಲೇಬೇಡಿ, ಕಾರ್ಡಿನ ಹಿಂದೆಯೇ ಇರುತ್ತದೆ. ಮೋಸ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕನ್ನಡದಲ್ಲಿ ಹುಡುಕುವುದು ಮಾತ್ರ ಬೇರೆಯೇ ತಲೆನೋವು. ಗಣಿ, ಗಣಿಯ, ಗಣಿಗಳಲ್ಲಿ, ಈ ಮೂರಕ್ಕೂ ಬೇರೆ ಬೇರೆ ಪುಟ ಬರಬಹುದು, ಮೂರನ್ನೂ ಹಾಕಿ ನೋಡಬೇಕು. ಅದಕ್ಕಿಂತ ದೊಡ್ಡ ಸಮಸ್ಯೆ ಯೂನಿಕೋಡ್ (ಕನ್ನಡ ಅಕ್ಷರಗಳನ್ನು ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ರೀತಿ ಉಳಿಸುವ ಪದ್ಧತಿ) ಬರುವ ಮುಂಚಿನ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ಗಳು. ಕಣ್ಣಿಗೆ ಕನ್ನಡ, ಒಳಗೆ ಏನೇನೋ ಇಂಗ್ಲಿಷ್ ಅಕ್ಷರ. ಎಷ್ಟು ಜಾಣತನದಿಂದ ಹುಡುಕಿದರೂ ಸಿಗಲ್ಲ. ಇದು ಹುಡುಕುವವರ ತಪ್ಪಲ್ಲ, ಫಾಂಟ್ ಬದಲಿಸದೆ ಅಪ್‌ಲೋಡ್ ಮಾಡಿ ಕೈ ತೊಳೆದುಕೊಂಡವರದ್ದು.

ಕೆಜಿಎಫ್ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಿರಿಯರು ಶಾಫ್ಟ್‌ಗಳಿಗೆ (ಗಣಿಗೆ ಇಳಿಯುವ ಬಾವಿಗಳು), ಲೈನ್‌ಗಳಿಗೆ (ಕಾರ್ಮಿಕರ ಮನೆಸಾಲುಗಳು) ಬಳಸುತ್ತಿದ್ದ ಹೆಸರುಗಳನ್ನು ಕಾಮೆಂಟಿನಲ್ಲಿ ಹಾಕಿ. ಕನ್ನಡ, ತಮಿಳು, ತೆಲುಗು, ಯಾವುದಾದರೂ ಸರಿ.